ಸೆಕೆಂಡ್ ಹ್ಯಾಂಡ್ ದೊಡ್ಡ ಲಕ್ಸುರಿ ಎಸ್‌ಯುವಿ ಕೊಳ್ಳುವುದು: ಟೆಸ್ಟ್ ಡ್ರೈವ್ ಮೊದಲಲ್ಲ, ಕೊನೆಗೆ

ದೊಡ್ಡ ಲಕ್ಸುರಿ ಎಸ್‌ಯುವಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಕೈ ಸುಟ್ಟುಕೊಂಡವರ ಕಥೆ ಕೇಳಿ ಕೇಳಿ ಒಂದು ವಿಷಯ ಗೊತ್ತಾಗಿದೆ. ಇವರು ಯಾರೂ ಗಾಡಿ ನೋಡದೆ ಕೊಂಡವರಲ್ಲ. ಎಲ್ಲ ನೋಡಿದ್ದಾರೆ, ಆದರೆ ಹಿಂದುಮುಂದಾಗಿ ನೋಡಿದ್ದಾರೆ. ಮೊದಲು ಟೆಸ್ಟ್ ಡ್ರೈವ್, ಆಮೇಲೆ ಅಡ್ವಾನ್ಸ್, ಆಮೇಲೆ ಕಾಗದಪತ್ರ, ಕಟ್ಟಕಡೆಗೆ ಮೆಕ್ಯಾನಿಕ್. ಆ ಎತ್ತರದ ಸೀಟಿನಲ್ಲಿ ಒಮ್ಮೆ ಕೂತು, ಬಾಗಿಲು ಧಪ್ ಅಂತ ಮುಚ್ಚಿದ ಸದ್ದು ಕೇಳಿದ ಮೇಲೆ ಮನಸ್ಸು ಆಗಲೇ ಗಾಡಿ ಕೊಂಡಿರುತ್ತದೆ. ಅಲ್ಲಿಂದ ಮುಂದೆ ಕಂಡ ದೋಷವೆಲ್ಲ ‘ಅದೇನು ಮಹಾ’ ಅನ್ನಿಸುತ್ತದೆ.

ಹಾಗಾಗಿ ಇಲ್ಲಿ ಹೇಳಿದ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಕ್ಯಾಡಿಲ್ಯಾಕ್ ಎಸ್ಕಲೇಡ್, ಲಿಂಕನ್ ನ್ಯಾವಿಗೇಟರ್, ರೇಂಜ್ ರೋವರ್, ಮರ್ಸಿಡಿಸ್ ಜಿಎಲ್‌ಎಸ್, ಬಿಎಂಡಬ್ಲ್ಯು ಎಕ್ಸ್7, ಲೆಕ್ಸಸ್ ಎಲ್‌ಎಕ್ಸ್, ಯಾವುದೇ ಇರಲಿ, ಕ್ರಮ ಇದೇ.

ಜೊತೆಗೆ ಏನೇನು ಬೇಕು

ಒಂದು ಒಳ್ಳೆಯ ಟಾರ್ಚ್. ಫೋನಿಗೆ ಜೋಡಿಸುವ ಒಬಿಡಿ ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ. ಅಳತೆ ಟೇಪ್. ಟೈರಿನ ಗೀರಿನ ಆಳ ನೋಡುವ ಗೇಜ್. ಬಣ್ಣದ ದಪ್ಪ ಅಳೆಯುವ ಮೀಟರ್. ಇದರಲ್ಲಿ ಒಂದು ಷರತ್ತಿದೆ, ಹಂತ 5ರಲ್ಲಿ ಹೇಳುತ್ತೇನೆ. ಎರಡು ಬಿಳಿ ಟಿಶ್ಯೂ, ಒಂದು ನೋಟ್‌ಬುಕ್.

ಇವೆಲ್ಲಕ್ಕಿಂತ ಮುಖ್ಯ, ಗಾಡಿಯ ಮೇಲೆ ಆಸೆ ಇಲ್ಲದ ಒಬ್ಬ ಗೆಳೆಯ. ಮಾರುವವರು ಮಾತಿಗೆ ಎಳೆದಾಗ ಅವನು ಮಾತಾಡುತ್ತಿರಲಿ, ನೀವು ನಿಮ್ಮ ಕೆಲಸ ನೋಡಿ.

ಹಂತ 1: ಗಾಡಿಯ ಬೆಲೆ ಬಿಡಿ, ಬಿಡಿಭಾಗದ ಬೆಲೆ ಕೇಳಿ

ಹೊಸದಾಗಿದ್ದಾಗಿನ ಬೆಲೆಯ ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಈ ಗಾಡಿಗಳು ಸಿಗುತ್ತವೆ. ಆದರೆ ಬೆಲೆ ಇಳಿದದ್ದು ಗಾಡಿಗೆ ಮಾತ್ರ. ಅದರ ಹೆಡ್‌ಲೈಟಿಗೆ, ಬ್ರೇಕ್ ಡಿಸ್ಕಿಗೆ, ಗೇರ್‌ಬಾಕ್ಸಿಗೆ ಇಳಿದಿಲ್ಲ. ಹತ್ತು ವರ್ಷ ಹಳೆಯದಾದರೂ ಅದು ತಿನ್ನುವುದು ಹೊಸ ಗಾಡಿಯ ಮೇವನ್ನೇ. ಎರಡೂವರೆ ಟನ್ ಆಸುಪಾಸು ತೂಗುವ ಗಾಡಿ ಅಲ್ವಾ, ಬ್ರೇಕು, ಟೈರು, ಬುಶ್‌ಗಳನ್ನು (ಕೀಲುಗಳಲ್ಲಿನ ರಬ್ಬರ್ ತುಂಡು) ಬೇಗ ಸವೆಸುತ್ತದೆ.

ಒಂದು ವರ್ಕ್‌ಶಾಪಿಗೆ ಫೋನ್ ಮಾಡಿ, ನೀವು ಯೋಚಿಸುತ್ತಿರುವ ಮಾಡೆಲ್ ಹೇಳಿ, ಐದೇ ಐದು ಬೆಲೆ ಕೇಳಿ: ನಾಲ್ಕು ಟೈರ್, ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್, ಒಂದು ಏರ್ ಸ್ಪ್ರಿಂಗ್ (ಗಾಡಿಯನ್ನು ಎತ್ತಿ ಹಿಡಿಯುವ ಗಾಳಿ ಚೀಲ) ಜೊತೆಗೆ ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್, ಒಂದು ಹೆಡ್‌ಲೈಟ್, ಗೇರ್‌ಬಾಕ್ಸ್ ಆಯಿಲ್ ಬದಲಿಸುವ ಖರ್ಚು. ಐದನ್ನೂ ಕೂಡಿ. ಆ ಮೊತ್ತ ನೋಡಿ ಎದೆ ಧಸಕ್ ಅಂದರೆ ಈ ಹಂತದಲ್ಲೇ ನಿಲ್ಲಿಸಿ. ನಾನಂತೂ ಗಾಡಿಯ ಬೆಲೆಯ 15ರಿಂದ 20 ಶೇಕಡಾ ಹಣವನ್ನು ಮೊದಲ ವರ್ಷದ ರಿಪೇರಿಗೆ ಅಂತ ಎತ್ತಿಡದೆ ಕೊಳ್ಳಬೇಡಿ ಅನ್ನುತ್ತೇನೆ. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯುವುದು ಈ ವ್ಯವಹಾರದ ನಂಬರ್ ಒಂದು ತಪ್ಪು.

ಹಂತ 2: ಮಾಡೆಲ್ ಅಲ್ಲ, ಎಂಜಿನ್ ಮತ್ತು ವರ್ಷ ಆರಿಸಿ

‘ಎಸ್ಕಲೇಡ್ ಚೆನ್ನಾಗಿದೆಯಾ?’ ಅನ್ನುವುದು ಪ್ರಶ್ನೆಯೇ ಅಲ್ಲ. ಯಾವ ವರ್ಷದ್ದು, ಯಾವ ಎಂಜಿನ್ ಅನ್ನುವುದು ಪ್ರಶ್ನೆ. 2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ತನ್ನ 6.2 ಲೀಟರ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಎಂಜಿನ್ ಇರುವ 2021ರಿಂದ 2024ರ ಮಾಡೆಲ್‌ಗಳನ್ನು ರೀಕಾಲ್ ಮಾಡಿತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿತು. ಎಸ್ಕಲೇಡ್ ಕೂಡ ಅದರಲ್ಲಿತ್ತು. ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಮತ್ತು ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ತಯಾರಿಯ ದೋಷದಿಂದ ಎಂಜಿನ್ನೇ ಕೈಕೊಡಬಹುದು ಅನ್ನುವುದು ಕಾರಣ.

ಗಟ್ಟಿ ಅಂತ ಹೆಸರಾದ ಕಂಪನಿಗಳೂ ಇದಕ್ಕೆ ಹೊರತಲ್ಲ. 2024ರಲ್ಲಿ ಟೊಯೋಟ 2022 ಮತ್ತು 2023ರ ಲೆಕ್ಸಸ್ ಎಲ್‌ಎಕ್ಸ್ ಗಾಡಿಗಳನ್ನು ವಾಪಸ್ ಕರೆಸಿತು. ಟ್ವಿನ್ ಟರ್ಬೊ (ಗಾಳಿ ಒತ್ತಿ ತುಂಬುವ ಎರಡು ಟರ್ಬೊ ಇರುವ) ವಿ6 ಎಂಜಿನ್ ಒಳಗೆ ತಯಾರಿ ವೇಳೆ ಲೋಹದ ಚೂರು ಉಳಿದಿರಬಹುದು ಅಂತ.

ರೀಕಾಲ್ ಆಗಿದೆ ಅಂದ ಮಾತ್ರಕ್ಕೆ ಗಾಡಿ ಬೇಡ ಅಂತಲ್ಲ. ಎಂಜಿನ್ ಬದಲಿಸಿದ ದಾಖಲೆ ಇದ್ದರೆ ಅದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ರೀಕಾಲ್ ಆಗಿಯೂ ಕೆಲಸ ಮಾಡಿಸದೆ ಮಾರಾಟಕ್ಕೆ ಇಟ್ಟಿದ್ದರೆ, ಮಾಡಿಸಿಕೊಟ್ಟ ಮೇಲೆ ಬರುತ್ತೇನೆ ಅನ್ನಿ. ಟಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲ್ ಇನ್ನೂ ಬಾಕಿ ಇರುವ ಹಳೆಯ ಗಾಡಿಗಳ ವಿಷಯದಲ್ಲಂತೂ ಈ ಮಾತಿನಲ್ಲಿ ರಾಜಿ ಬೇಡ. ಆ ಏರ್‌ಬ್ಯಾಗ್ ಸಿಡಿದಾಗ ಲೋಹದ ಚೂರು ಮುಖಕ್ಕೆ ಹಾರಬಹುದು.

ಹಂತ 3: ಗಾಡಿ ನೋಡುವ ಮೊದಲು ಕಾಗದ ನೋಡಿ

ಮನೆಯಲ್ಲಿ ಕೂತೇ ಮಾಡುವ ಕೆಲಸ ಇದು. ವಿಐಎನ್ ನಂಬರಿನ (ಪ್ರತಿ ಗಾಡಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಫೋಟೊ ಕಳಿಸಲು ಹೇಳಿ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಗಾಜಿನ ಕೆಳಗೆ ಇರುವುದು ಒಂದು, ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಇರುವುದು ಇನ್ನೊಂದು, ನೋಂದಣಿ ಪತ್ರದಲ್ಲಿ ಇರುವುದು ಮತ್ತೊಂದು. 17 ಅಕ್ಷರ-ಅಂಕಿಗಳೂ ಮೂರರಲ್ಲಿ ಒಂದೇ ಇರಬೇಕು. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳು ವಿಐಎನ್‌ನಲ್ಲಿ ಇರುವುದೇ ಇಲ್ಲ, 1 ಮತ್ತು 0 ಜೊತೆ ಗೊಂದಲ ಆಗುತ್ತದೆ ಅಂತ. ಅವು ಕಂಡರೆ ಯಾರೋ ತಪ್ಪು ಬರೆದಿದ್ದಾರೆ, ಇಲ್ಲವೇ ಯಾರೋ ಆಟ ಆಡಿದ್ದಾರೆ.

ಈ ನಂಬರ್ ಕೊಟ್ಟು ಕಂಪನಿಯಲ್ಲಿ ರೀಕಾಲ್ ಬಾಕಿ ಇದೆಯಾ ಕೇಳಿ. ಗಾಡಿಯ ಮೇಲೆ ಸಾಲ ತೀರಿದೆಯಾ, ಅಪಘಾತದ ಕ್ಲೇಮ್ ಆಗಿದೆಯಾ ಅನ್ನುವುದನ್ನೂ ಈಗಲೇ ತಿಳಿದುಕೊಳ್ಳಿ.

ಆಮೇಲೆ ಸರ್ವಿಸ್ ದಾಖಲೆ. ‘ಫುಲ್ ಸರ್ವಿಸ್ ಹಿಸ್ಟರಿ ಇದೆ’ ಅನ್ನುವುದು ಮಾತು, ಬಿಲ್ಲು ದಾಖಲೆ. ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಕಿಲೋಮೀಟರ್ ಬರೆದುಕೊಳ್ಳಿ. ಎರಡು ವಿಷಯ ಹುಡುಕಬೇಕು. ಒಂದು, ಕಿಲೋಮೀಟರ್ ಎಲ್ಲಾದರೂ ಹಿಂದಕ್ಕೆ ಹೋಗಿದೆಯಾ. ಇನ್ನೊಂದು, ಎಲ್ಲಿ ಗ್ಯಾಪ್ ಬಿದ್ದಿದೆ. ಎರಡು ವರ್ಷ ಬಿಲ್ಲೇ ಇಲ್ಲ ಅಂದರೆ ಆ ಎರಡು ವರ್ಷ ಗಾಡಿ ಎಲ್ಲಿತ್ತು? ಮೊದಲ ಮಾಲೀಕರು ಕಂಪನಿಯಲ್ಲೇ ಸರ್ವಿಸ್ ಮಾಡಿಸಿರುತ್ತಾರೆ. ಎರಡನೆಯವರು ಖರ್ಚು ನೋಡಿ ಬಿಟ್ಟಿರುತ್ತಾರೆ. ಮೂರನೆಯವರಾಗಿ ನೀವು ಹೋಗಿ ನಿಂತಿರುತ್ತೀರಿ.

ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ಲನ್ನು ಹೆಸರು ಹಿಡಿದು ಕೇಳಿ. ‘ಅದು ಲೈಫ್‌ಟೈಮ್ ಆಯಿಲ್, ಬದಲಿಸುವ ಹಾಗಿಲ್ಲ’ ಅನ್ನುವ ಉತ್ತರ ಬರುತ್ತದೆ, ನೋಡಿ. ಎಕ್ಸ್7, ರೇಂಜ್ ರೋವರ್ ಮುಂತಾದವಕ್ಕೆ 8 ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80,000ರಿಂದ 1,20,000 ಕಿಲೋಮೀಟರ್ ಒಳಗೆ ಆಯಿಲ್ ಬದಲಿಸಿ ಅನ್ನುತ್ತದೆ. ಮಾಡಿದವರ ಮಾತು ಕೇಳಬೇಕೋ, ಮಾರುವವರ ಮಾತೋ, ನೀವೇ ಹೇಳಿ.

ಹಂತ 4: ತಣ್ಣಗಿನ ಎಂಜಿನ್ ಮುಂದೆ ಹಾಜರಾಗಿ

ಬೆಳಗ್ಗೆ ಹೋಗಿ. (ಏರ್ ಸಸ್ಪೆನ್ಷನ್ ಇರುವ ಗಾಡಿಯಾದರೆ ಹಿಂದಿನ ಸಂಜೆಯೇ ಹೋಗಿ ಹಂತ 6ರ ಅಳತೆ ಬರೆದುಕೊಂಡಿರಿ.) ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಹಿಂದಿನ ದಿನವೇ ಹೇಳಿ. ಹೋದವರೇ ಕೈ ಕುಲುಕುವ ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿದ್ದಾರೆ ಅಂತಲೇ ಲೆಕ್ಕ. ಜಗಳ ಬೇಡ, ಇನ್ನೊಂದು ದಿನ ಬರುತ್ತೇನೆ ಅನ್ನಿ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕ್ಯಾಪ್ ತೆಗೆದು ಒಳಭಾಗ ಟಿಶ್ಯೂನಲ್ಲಿ ಒರೆಸಿ. ಕೆನೆಯಂಥ ಬಿಳಿ ಪದಾರ್ಥ ಅಂಟಿದರೆ ಆಯಿಲ್ ಜೊತೆ ನೀರು ಸೇರಿರಬಹುದು. ಕೂಲೆಂಟ್ ಟ್ಯಾಂಕಿನ ಮಟ್ಟ ನೋಡಿ, ಸುತ್ತ ಒಣಗಿದ ಕಲೆ ಇದೆಯಾ ಟಾರ್ಚ್ ಹಾಕಿ. ಬಿಎಂಡಬ್ಲ್ಯುವಿನ ಟ್ವಿನ್ ಟರ್ಬೊ ವಿ8ನಂಥ ಎಂಜಿನ್‌ಗಳಲ್ಲಿ ಟರ್ಬೊಗಳು ಎರಡು ಸಾಲು ಸಿಲಿಂಡರಿನ ನಡುವೆ ಕೂತಿರುತ್ತವೆ. ಆ ಕಾವಿಗೆ ಸುತ್ತಲಿನ ಪ್ಲಾಸ್ಟಿಕ್ ಪೈಪ್, ರಬ್ಬರ್ ಸೀಲ್ ಎಲ್ಲ ಹಪ್ಪಳದ ಹಾಗೆ ಗರಿಗರಿ ಆಗುತ್ತವೆ.

ಈಗ ಇಗ್ನಿಷನ್ ಮಾತ್ರ ಆನ್ ಮಾಡಿ, ಎಂಜಿನ್ ಬೇಡ. ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್ ದೀಪಗಳೆಲ್ಲ ಹತ್ತಬೇಕು. ಏರ್‌ಬ್ಯಾಗ್, ಎಬಿಎಸ್ ದೀಪ ಆಮೇಲೆ ತಮ್ಮಷ್ಟಕ್ಕೆ ಆರಬೇಕು, ಚೆಕ್ ಎಂಜಿನ್ ದೀಪ ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಿಯೇ ಉಳಿದ ದೀಪಕ್ಕಿಂತ ಹತ್ತದೇ ಇರುವ ದೀಪ ಜಾಸ್ತಿ ಅಪಾಯ. ಅದನ್ನು ಯಾರೋ ಕುರುಡು ಮಾಡಿರುತ್ತಾರೆ.

ಸ್ಟಾರ್ಟ್ ಮಾಡುವಾಗ ಗೆಳೆಯನನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದರೂ ನಿಲ್ಲದ ಬಿಳಿ ಹೊಗೆ ಅಂದರೆ ಕೂಲೆಂಟ್ ಸುಡುತ್ತಿದೆ. ನೀವು ಬಾನೆಟ್ ಹತ್ತಿರ ಕಿವಿ ಇಡಿ. ಮೊದಲ ಎರಡು-ಮೂರು ಸೆಕೆಂಡ್ ಗರಗರ ಅಂತ ಸರಪಳಿ ಅಲ್ಲಾಡಿಸಿದ ಸದ್ದು ಬಂದು ನಿಂತರೆ ಟೈಮಿಂಗ್ ಚೈನ್ (ಎಂಜಿನ್ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಸರಪಳಿ) ಸಡಿಲ ಆಗಿರುವ ಸೂಚನೆ. ಬಿಸಿಯಾದ ಮೇಲೂ ಟಕ್ ಟಕ್ ನಿಲ್ಲದಿದ್ದರೆ ವಾಲ್ವ್ ಎತ್ತುವ ಭಾಗವಾದ ಲಿಫ್ಟರ್ ಮೇಲೆ ಅನುಮಾನ ಪಡಿ. ಇಂಧನ ಉಳಿಸಲು ಕೆಲವು ಸಿಲಿಂಡರ್ ಮಲಗಿಸುವ ವ್ಯವಸ್ಥೆ ಇರುವ ವಿ8ಗಳಲ್ಲಿ ಇದು ಹಳೇ ಕಾಯಿಲೆ.

ಹಂತ 5: ಬಾಡಿ ಮತ್ತು ನೀರು

ಮ್ಯಾಗ್ನೆಟ್ ಅಂಟಿಸಿ ಪುಟ್ಟಿ ಹುಡುಕುವ ಹಳೇ ಉಪಾಯ ಇಲ್ಲಿ ನಡೆಯುವುದಿಲ್ಲ. 2012ರಲ್ಲಿ ಬಂದ ತಲೆಮಾರಿನಿಂದ ರೇಂಜ್ ರೋವರ್ ಬಾಡಿ ಅಲ್ಯೂಮಿನಿಯಂದು. 2018ರ ಮಾಡೆಲ್‌ನಿಂದ ನ್ಯಾವಿಗೇಟರ್ ಕೂಡ. ಎಷ್ಟೇ ಚೆನ್ನಾಗಿದ್ದರೂ ಮ್ಯಾಗ್ನೆಟ್ ಅಂಟುವುದಿಲ್ಲ. ಮೀಟರಿಗೆ ಒಂದು ಷರತ್ತಿದೆ ಅಂದದ್ದು ಇದಕ್ಕೇ: ಸ್ಟೀಲ್ ಮತ್ತು ಅಲ್ಯೂಮಿನಿಯಂ ಎರಡರ ಮೇಲೂ ಕೆಲಸ ಮಾಡುವಂಥದ್ದು ಬೇಕು. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಇರುತ್ತದೆ. ಒಂದು ಬಾಗಿಲು 120, ಪಕ್ಕದ್ದು 350 ಅಂದರೆ ಪಕ್ಕದ್ದಕ್ಕೆ ಪೇಂಟ್ ಆಗಿದೆ. ಬಂಪರ್ ಪ್ಲಾಸ್ಟಿಕ್, ಅದರ ಮೇಲೆ ಮೀಟರ್ ಓಡುವುದಿಲ್ಲ. ಬಾಗಿಲಿಗೆ ಬಣ್ಣ ಹೊಡೆದದ್ದು ದೊಡ್ಡ ವಿಷಯವಲ್ಲ. ಕಂಬ, ರೂಫ್, ಚೌಕಟ್ಟಿಗೆ ಹೊಡೆದಿದ್ದರೆ ದೊಡ್ಡ ವಿಷಯ.

ನೀರಿನ ಲಕ್ಷಣ ಹುಡುಕಲು ಒಂದು ಸುಲಭದ ದಾರಿ ಇದೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ನೀರಿನಲ್ಲಿ ಮುಳುಗಿದ ಗಾಡಿಯನ್ನು ತೊಳೆಯುವವರು ಸೀಟು, ಕಾರ್ಪೆಟ್ ಎಲ್ಲ ತೊಳೆಯುತ್ತಾರೆ, ಬೆಲ್ಟಿನ ಕೊನೆಯ ಒಂದಡಿ ಮರೆಯುತ್ತಾರೆ. ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿ, ಸ್ಟೆಪ್ನಿ ಇಡುವ ಗುಂಡಿಯಲ್ಲೂ ತುಕ್ಕು ನೋಡಿ. ಪರ್ಫ್ಯೂಮ್ ವಾಸನೆ ಮೂಗಿಗೆ ಹೊಡೆದರೆ ಇನ್ನೂ ಜಾಸ್ತಿ ಹುಡುಕಿ.

ಮುಳುಗದೆಯೂ ಒದ್ದೆ ಆಗುವ ದಾರಿ ಒಂದಿದೆ. ದೊಡ್ಡ ಸನ್‌ರೂಫಿನ ನೀರು ಹೋಗುವ ಸಣ್ಣ ಪೈಪುಗಳು ಕಸ ಕಟ್ಟಿದರೆ ನೀರು ಒಳಗೆ ಇಳಿಯುತ್ತದೆ. ಕಾರ್ಪೆಟ್ಟಿನ ಮೂಲೆ ಎತ್ತಿ ಕೆಳಗಿನ ಸ್ಪಂಜ್ ಒತ್ತಿ ನೋಡಿ. ಈ ಗಾಡಿಗಳಲ್ಲಿ ಅಲ್ಲೇ, ಕಾಲಡಿಯಲ್ಲೇ, ಎಲೆಕ್ಟ್ರಾನಿಕ್ ಡಬ್ಬಿಗಳು ಇರುತ್ತವೆ.

ಹಂತ 6: ಏರ್ ಸಸ್ಪೆನ್ಷನ್‌ಗೆ ಒಂದು ರಾತ್ರಿ ಕೊಡಿ

ಜನ ಅತಿ ಹೆಚ್ಚು ಸೋಲುವುದು ಇಲ್ಲೇ. ನಾನು ಸೋತದ್ದೂ ಇಲ್ಲೇ. ಮಧ್ಯಾಹ್ನ ನೋಡಿದಾಗ ಗಾಡಿ ಎದೆ ಸೆಟೆದು ನಿಂತಿತ್ತು. ಕೊಂಡು ತಂದ ಮಾರನೆಯ ಬೆಳಗ್ಗೆ ಹೊರಗೆ ಬಂದರೆ ಮುಂದಿನ ಎಡಮೂಲೆ ಕುಸಿದು, ಮಂಡಿಯೂರಿದ ಒಂಟೆಯ ಹಾಗೆ ಕೂತಿತ್ತು. ಸ್ಟಾರ್ಟ್ ಮಾಡಿದೆ, ಅರ್ಧ ನಿಮಿಷ ಗುಂಯ್ ಅಂತು, ಮೇಲೆದ್ದಿತು. ‘ಸರಿ ಹೋಯ್ತಲ್ಲ’ ಅಂತ ಸುಮ್ಮನಾದೆ. ಎರಡು ತಿಂಗಳಿಗೆ ಕಂಪ್ರೆಸರ್ ಸುಟ್ಟಿತು.

ನಡೆಯುವುದು ಇಷ್ಟೇ. ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ಮಡಿಕೆ ಬೀಳುವ ಕಡೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ. ಅಷ್ಟು ಹೊತ್ತು ಓಡಲು ಅದನ್ನು ಮಾಡಿರುವುದೇ ಇಲ್ಲ. ಒಂದು ಚೀಲದ ಸೋರಿಕೆ ಕೊನೆಗೆ ಕಂಪ್ರೆಸರನ್ನೂ ತಿನ್ನುತ್ತದೆ.

ಪರೀಕ್ಷೆ ಹೀಗೆ ಮಾಡಿ. ಸಂಜೆ ಹೋಗಿ, ಗಾಡಿಯನ್ನು ಸಮತಟ್ಟು ಜಾಗದಲ್ಲಿ ಮಾಮೂಲಿ ಎತ್ತರದಲ್ಲಿ ನಿಲ್ಲಿಸಿ. ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನ ತನಕ ನಾಲ್ಕೂ ಕಡೆ ಟೇಪ್ ಹಿಡಿದು ಬರೆದುಕೊಳ್ಳಿ. ಹಂತ 4ಕ್ಕೆ ಬೆಳಗ್ಗೆ ಹೋಗುತ್ತೀರಲ್ಲ, ಸ್ಟಾರ್ಟ್ ಮಾಡುವ ಮೊದಲೇ, ಬಾಗಿಲು ಕೂಡ ತೆಗೆಯದೆ, ಮತ್ತೆ ಅಳೆಯಿರಿ. ಎಡ-ಬಲ ಸಮ ಇದೆ ಅಂತ ಸಮಾಧಾನ ಪಡಬೇಡಿ. ಕೆಲವು ಗಾಡಿಗಳು ನಿಂತಲ್ಲೇ ಆಗಾಗ ಎಚ್ಚರಗೊಂಡು, ಕುಸಿದ ಮೂಲೆಯ ಮಟ್ಟಕ್ಕೆ ಉಳಿದ ಮೂರನ್ನೂ ಇಳಿಸಿಕೊಳ್ಳುತ್ತವೆ. ಹೋಲಿಸಬೇಕಾದದ್ದು ಸಂಜೆಯ ಅಂಕಿಯ ಜೊತೆ.

ಆಮೇಲೆ ಎಂಜಿನ್ ಓಡಿಸುತ್ತಾ ಅತಿ ಎತ್ತರಕ್ಕೆ ಏರಿಸಿ, ಅತಿ ತಗ್ಗಿಗೆ ಇಳಿಸಿ. ಒಂದು ಮೂಲೆ ಹಿಂದೆ ಬಿದ್ದರೆ, ಕಂಪ್ರೆಸರ್ ಕರಕರ ಅಂದರೆ, ಖರ್ಚು ಹತ್ತಿರದಲ್ಲಿದೆ. ಚಕ್ರದ ಹಿಂದೆ ಟಾರ್ಚ್ ಹಾಕಿ ನೋಡುವುದನ್ನೂ ಮರೆಯಬೇಡಿ. ಚೀಲ ಕಿತ್ತು ಕಬ್ಬಿಣದ ಸ್ಪ್ರಿಂಗ್ ಹಾಕಿಸಿ, ದೀಪ ಹತ್ತದ ಹಾಗೆ ಮಾಡಿ ಮಾರುವವರು ಇದ್ದಾರೆ. ಇನ್ನು ಎತ್ತರ ಬದಲಾಗುವ ಎಲ್ಲ ಗಾಡಿಯಲ್ಲೂ ಗಾಳಿಯೇ ಇರುತ್ತದೆ ಅಂದುಕೊಳ್ಳಬೇಡಿ. ಲೆಕ್ಸಸ್ ಎಲ್‌ಎಕ್ಸ್‌ನಲ್ಲಿ ಆ ಕೆಲಸ ಮಾಡುವುದು ಆಯಿಲ್. ಅಲ್ಲಿ ಆಯಿಲ್ ಜಿನುಗಿದ ಕಲೆ ಹುಡುಕಿ.

ಹಂತ 7: ಟೈರು ಹೇಳುವ ಕಥೆ

ಟೈರಿನ ಪಕ್ಕದಲ್ಲಿ ಡಿಒಟಿ ಅನ್ನುವ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗಾಡಿ 2021ರದ್ದು, 20,000 ಕಿಲೋಮೀಟರ್ ಮಾತ್ರ ಓಡಿದೆ ಅನ್ನುತ್ತಾರೆ, ಆದರೆ ನಾಲ್ಕೂ ಟೈರ್ ಗಾಡಿಗಿಂತ ಈಚಿನವು, ಅಂದರೆ ಆಗಲೇ ಬದಲಾಗಿವೆ ಅಂತಾದರೆ ಕಿಲೋಮೀಟರ್ ಮೀಟರಿನ ಮೇಲೆ ಕಣ್ಣಿಡಿ.

ನಾಲ್ಕೂ ಒಂದೇ ಕಂಪನಿಯ, ಒಂದೇ ಮಾದರಿಯ ಟೈರ್ ಇರಬೇಕು. ಇದು ಚಂದಕ್ಕೆ ಹೇಳುವ ಮಾತಲ್ಲ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಗಾಡಿಯಲ್ಲಿ ಒಂದು ಟೈರ್ ಹೊಸದು, ಇನ್ನೊಂದು ಸವೆದದ್ದು ಆದರೆ ಎರಡರ ಸುತ್ತಳತೆ ಬೇರೆ. ಆ ವ್ಯತ್ಯಾಸವನ್ನು ಪ್ರತಿ ಸುತ್ತಿನಲ್ಲೂ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ನುಂಗಬೇಕು. ಗೇಜ್ ಇಟ್ಟು ನೋಡಿದಾಗ ಆಳದಲ್ಲಿ 2-3 ಮಿಲಿಮೀಟರ್ ವ್ಯತ್ಯಾಸ ಇದ್ದರೆ ಟೆಸ್ಟ್ ಡ್ರೈವ್‌ನಲ್ಲಿ ಅದರ ಪರಿಣಾಮ ಹುಡುಕಿ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಇಲ್ಲವೇ ಬುಶ್ ಹೋಗಿದೆ. ಈ ಅಂಚು ಹೊರಗಿನಿಂದ ಕಾಣುವುದಿಲ್ಲ, ಕೈ ಹಾಕಿ ಸವರಬೇಕು.

ಹಂತ 8: ಎಲ್ಲ ಸ್ವಿಚ್ಚನ್ನೂ ಒತ್ತಿ

ನಾಚಿಕೆ ಬೇಡ. ಒಂದು ಗಂಟೆ ಹಿಡಿದರೂ ಪರವಾಗಿಲ್ಲ. ಮೂರನೇ ಸಾಲಿನ ಸೀಟು ಮೋಟಾರಿನಲ್ಲಿ ಮಡಚುತ್ತದೆಯಾ, ಸನ್‌ರೂಫ್ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆಯಾ, ಡಿಕ್ಕಿ ಬಾಗಿಲು ನಡುವೆ ನಿಲ್ಲುತ್ತದೆಯಾ, ಬಾಗಿಲು ತೆಗೆದಾಗ ಹೊರಗೆ ಬರುವ ಮೆಟ್ಟಿಲು ಬರುತ್ತದೆಯಾ, ಹಿಂದಿನ ಎಸಿ ತಂಪು ಕೊಡುತ್ತದೆಯಾ, ಎಲ್ಲ ಕ್ಯಾಮೆರಾ ತೋರಿಸುತ್ತವೆಯಾ. ಕೆಲಸ ಮಾಡದ ಪ್ರತಿಯೊಂದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ, ಚೌಕಾಸಿಗೆ ಬೇಕು. ‘ಅದು ಫ್ಯೂಸ್ ಅಷ್ಟೇ’ ಅಂದರೆ ‘ಹಾಗಾದರೆ ಹಾಕಿಸಿಕೊಡಿ’ ಅನ್ನಿ.

ಹಂತ 9: ಓಡಿಸುವ ಮೊದಲೂ ನಂತರವೂ ಸ್ಕ್ಯಾನರ್

1996ರಿಂದ ಅಮೆರಿಕದಲ್ಲಿ ಮಾರಿದ ಕಾರುಗಳಿಗೆಲ್ಲ ಒಬಿಡಿ-2 ಪ್ಲಗ್ ಕಡ್ಡಾಯ ಆಯಿತು, ಆಮೇಲೆ ಉಳಿದ ಕಡೆಯೂ ಅದೇ ಬಂತು. ಸ್ಟೀರಿಂಗ್ ಕೆಳಗೆ ಹುಡುಕಿದರೆ ಸಿಗುತ್ತದೆ. ‘ಕೋಡ್ ಏನೂ ಇಲ್ಲ’ ಅಂತ ತೋರಿಸಿದರೆ ಖುಷಿ ಪಡುವ ಮೊದಲು ಇನ್ನೆರಡು ಪುಟ ನೋಡಿ. ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವುದು ಒಂದು. 12 ಕಿಲೋಮೀಟರ್ ಅಂತ ಬಂದರೆ ನಿಮಗಾಗಿಯೇ ಅಳಿಸಿಟ್ಟಿದ್ದಾರೆ. ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ‘ರೆಡಿನೆಸ್’ ಪಟ್ಟಿ ಇನ್ನೊಂದು. ಹಲವು ಸಾಲು ‘ಇನ್ನೂ ಮುಗಿದಿಲ್ಲ’ ಅಂದರೂ ಅದೇ ಅನುಮಾನ. ಬ್ಯಾಟರಿ ಬಿಚ್ಚಿದ್ದರೂ ಹೀಗಾಗಬಹುದು. ಹಾಗಿದ್ದರೆ ಹೊಸ ಬ್ಯಾಟರಿಯ ಬಿಲ್ಲು ತೋರಿಸಲಿ.

ಹಂತ 10: ಈಗ ಓಡಿಸಿ

ಮುಕ್ಕಾಲು ಗಂಟೆಗೆ ಕಡಿಮೆ ಬೇಡ. ಮ್ಯೂಸಿಕ್ ಆಫ್, ಎಸಿ ಫ್ಯಾನ್ ಕಡಿಮೆ, ಮಾರುವವರು ಹಿಂದಿನ ಸೀಟಿನಲ್ಲಿ.

ಮೊದಲು ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಗಾಡಿ ತಡೆತಡೆದು ಕುಪ್ಪಳಿಸಿದರೆ ಟ್ರಾನ್ಸ್‌ಫರ್ ಕೇಸ್ ಅಥವಾ ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರು) ತೊಂದರೆ. ಆಮೇಲೆ 60-80 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟು ಸಾಗಿ. ರಸ್ತೆ ನುಣುಪಾಗಿದ್ದರೂ ಉಬ್ಬುತಗ್ಗಿನ ಪಟ್ಟಿ ಮೇಲೆ ಹೋದ ಹಾಗೆ ಗಡಗಡ ಅಂದರೆ ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಮೇಲೆ ಅನುಮಾನ. ಜೋರಾಗಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಸೊಟ್ಟ. ಡಿಸ್ಕ್ ಬದಲಿಸಬಹುದು, ಮೊದಲ ಎರಡಕ್ಕೆ ಹಾಗೆ ಸುಲಭದ ದಾರಿ ಇಲ್ಲ. ವಾಪಸ್ ಬಂದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ.

ಹಂತ 11: ಲಿಫ್ಟ್ ಮೇಲೆ ಏರಿಸಿ, ಆಮೇಲೆ ಬೆಲೆ ಮಾತಾಡಿ

ಇಷ್ಟು ದಾಟಿ ಬಂದ ಗಾಡಿಯನ್ನು ನೀವೇ ದುಡ್ಡು ಕೊಟ್ಟು ನಿಮ್ಮ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಆ ಬ್ರ್ಯಾಂಡ್ ಬಿಚ್ಚಿ ಅಭ್ಯಾಸ ಇರುವವರೇ ಆಗಬೇಕು. ಕೆಳಗಿನಿಂದ ಆಯಿಲ್ ಸೋರಿಕೆ, ಚೌಕಟ್ಟಿನ ವೆಲ್ಡಿಂಗ್, ಬುಶ್‌ಗಳ ಬಿರುಕು ನೋಡಿಸಿ. ಕೆಳಭಾಗ ಅನುಮಾನ ಬರುವಷ್ಟು ಫಳಫಳ ಹೊಳೆಯುತ್ತಿದ್ದರೆ ಸೋರಿಕೆ ಕಾಣದಿರಲಿ ಅಂತ ನಿನ್ನೆ ತೊಳೆದಿರುತ್ತಾರೆ. ಮೆಕ್ಯಾನಿಕ್ ಹತ್ತಿರ ಕಳಿಸಲು ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು, ಮನೆಗೆ ಬನ್ನಿ.

ಚೌಕಾಸಿಯನ್ನು ನೋಟ್‌ಬುಕ್‌ನ ಪಟ್ಟಿ ಇಟ್ಟುಕೊಂಡು ಮಾಡಿ. ‘ಸ್ವಲ್ಪ ಕಡಿಮೆ ಮಾಡಿ’ ಅಂದರೆ ಸ್ವಲ್ಪವೇ ಕಡಿಮೆ ಆಗುತ್ತದೆ. ‘ನಾಲ್ಕು ಟೈರ್, ಒಂದು ಚೀಲ, ಗೇರ್‌ಬಾಕ್ಸ್ ಆಯಿಲ್’ ಅಂತ ಹಂತ 1ರ ಬೆಲೆಗಳ ಸಮೇತ ಮುಂದಿಟ್ಟರೆ ಮಾತಿನ ದಾಟಿಯೇ ಬೇರೆ. ‘ಇನ್ನೊಬ್ಬರು ಸಂಜೆ ಬರುತ್ತಿದ್ದಾರೆ’ ಅಂದರೆ ಬರಲಿ ಬಿಡಿ.

ಹಂತ 12: ಕೈಗೆ ಬಂದ ದಿನ

ಎರಡೂ ಕೀಲಿ ಕೇಳಿ ಪಡೆಯಿರಿ. ಈ ಗಾಡಿಗಳ ಕೀಲಿ ಮಾಡಿಸುವುದು ಸುಲಭವೂ ಅಲ್ಲ, ಅಗ್ಗವೂ ಅಲ್ಲ. ಹಣ ಪೂರ್ತಿ ಕೊಡುವ ಮೊದಲು, ಹಳೆಯ ಮಾಲೀಕರು ತಮ್ಮ ಫೋನ್ ಆ್ಯಪ್‌ನಿಂದ ಗಾಡಿಯನ್ನು ನಿಮ್ಮ ಕಣ್ಣೆದುರೇ ತೆಗೆಯಲಿ. ಇಲ್ಲದಿದ್ದರೆ ನಿಮ್ಮ ಗಾಡಿ ಎಲ್ಲಿದೆ ಅಂತ ಅವರಿಗೆ ಕಾಣುತ್ತಿರುತ್ತದೆ, ಬಾಗಿಲು ತೆಗೆಯಲೂಬಹುದು. ಅಲ್ಲಿಂದ ನೇರ ವರ್ಕ್‌ಶಾಪಿಗೆ ಹೋಗಿ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ ಆಯಿಲ್ ಬದಲಿಸಿ. ಹೊರಬಂದ ಹಳೇ ಆಯಿಲ್ ಎಸೆಯುವ ಮೊದಲು ಬಿಳಿ ಟಿಶ್ಯೂ ಮೇಲೆ ಎರಡು ಹನಿ ಹಾಕಿ, ಬಿಸಿಲಿಗೆ ಹಿಡಿದು ನೋಡಿ. ಲೋಹದ ಚೂರು ಇದ್ದರೆ ಅಲ್ಲೇ ಮಿನುಗುತ್ತದೆ.